ಹತ್ತು ರೂಪಾಯಿ ಟಿಕೆಟ್ಟು, ಹದಿನಾಲ್ಕು ಕಿಲೋಮೀಟರು

ದಾವಣಗೆರೆ ಸ್ಟೇಷನ್ನಿನ ಟಿಕೆಟ್ ಕಿಂಡಿಯಲ್ಲಿ ‘ಹರಿಹರಕ್ಕೆ ಒಂದು’ ಎಂದೆ. ಹತ್ತು ರೂಪಾಯಿಯ ನೋಟು ಒಳಗೆ ಹೋಯಿತು, ಟಿಕೆಟ್ಟು ಹೊರಗೆ ಬಂತು. ನನ್ನ ಮುಂದಿದ್ದವರು ಬೆಂಗಳೂರಿನವರು, ಹಿಂದಿದ್ದವರು ಹುಬ್ಬಳ್ಳಿಯವರು. ಹೆಗಲಿಗೆ ಚೀಲ, ಕೈಯಲ್ಲಿ ಟ್ರಂಕು, ಮುಖದಲ್ಲಿ ದೂರ ಪ್ರಯಾಣದ ಗಾಂಭೀರ್ಯ. ಅವರ ನಡುವೆ ಬರಿಗೈಯಲ್ಲಿ ನಿಂತ ನಾನು, ಮದುವೆ ಊಟದ ಸಾಲಿನಲ್ಲಿ ನೀರು ಕುಡಿಯಲು ಬಂದವನ ಹಾಗೆ ಕಂಡಿರಬೇಕು.

ಹರಿಹರಕ್ಕೆ ಯಾರಾದರೂ ರೈಲಿನಲ್ಲಿ ಹೋಗುತ್ತಾರೆಯೇ ಎಂದು ದಾವಣಗೆರೆಯ ಗೆಳೆಯರು ನಕ್ಕಿದ್ದರು. ಪಿ.ಬಿ. ರಸ್ತೆಯಲ್ಲಿ ನಿಂತು ಕೈ ಎತ್ತಿದರೆ ಬಸ್ಸು. ಸರ್ಕಾರಿ ಬಸ್ಸು ಹೋದ ಬೆನ್ನಿಗೇ ಖಾಸಗಿ ಬಸ್ಸು, ಅದರ ಬೆನ್ನಿಗೆ ಮ್ಯಾಕ್ಸಿ ಕ್ಯಾಬು. ರೈಲಿಗಾದರೋ ವೇಳಾಪಟ್ಟಿ ನೋಡಬೇಕು, ಮೆಟ್ಟಿಲು ಹತ್ತಿ ಇಳಿಯಬೇಕು, ಕಾಯಬೇಕು. ಆದರೂ ಈ ಹದಿನಾಲ್ಕು ಕಿಲೋಮೀಟರನ್ನು ರೈಲಿನಲ್ಲೇ ನೋಡಬೇಕೆಂಬ ಹಟ ನನ್ನದಾಗಿತ್ತು. ದೊಡ್ಡ ನಗರಗಳಲ್ಲೆಲ್ಲ ನಗರ ಸಾರಿಗೆಗೆಂದು ಹಳಿ ಹಾಕುವ ಭರಾಟೆ ನಡೆದಿದೆ. ಬೆಂಗಳೂರಿನಲ್ಲಿ 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಆರೇಳು ಕಿಲೋಮೀಟರಿನ ಮೆಟ್ರೋ ಶುರುವಾದಾಗ ಊರಿಗೆ ಊರೇ ನೋಡಲು ಹೋಗಿತ್ತು. ಆ ಹಳಿಗಾಗಿ ಎಷ್ಟು ವರ್ಷ ರಸ್ತೆ ಅಗೆದರು, ಎಷ್ಟು ಸಾವಿರ ಕೋಟಿ ಸುರಿದರು ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಇಲ್ಲಿ ನೋಡಿದರೆ ಎರಡು ಊರುಗಳ ನಡುವೆ ನೂರಾ ಮೂವತ್ತು ವರ್ಷಗಳಿಂದಲೂ ಹಳಿ ಬಿದ್ದುಕೊಂಡಿದೆ. ಅದೂ ಒಂದಲ್ಲ, ಈಗ ಜೋಡಿ. ಮೇಲೆ ವಿದ್ಯುತ್ ತಂತಿ ಬೇರೆ. ಊರಿನ ನಟ್ಟನಡುವೆ ಹತ್ತಿ ಊರಿನ ನಡುವೆಯೇ ಇಳಿಯಬಹುದು. ಇಲ್ಲದಿರುವುದು ಒಂದೇ, ಬೇಕೆಂದಾಗ ಸಿಗುವ ರೈಲು.

2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ 4 ಲಕ್ಷ 30 ಸಾವಿರ ದಾಟಿತ್ತು, ಹರಿಹರದ್ದು 80 ಸಾವಿರ. ಎರಡೂ ಊರಿಗೆ ಸೇರಿ ನಗರಾಭಿವೃದ್ಧಿ ಪ್ರಾಧಿಕಾರ ಒಂದೇ. ಕಾಗದದ ಮೇಲೆ ಎಂದೋ ಅವಳಿ ನಗರಗಳಾಗಿವೆ. ಬೆಳಗಿನ ಪ್ಲಾಟ್‌ಫಾರಂ ಮೇಲೆ ನಿಂತರೆ ಕಾಗದದ ಹೊರಗೂ ಅದು ನಿಜವೆನಿಸುತ್ತದೆ. ಹರಿಹರ, ರಾಣೆಬೆನ್ನೂರು ಕಡೆಯಿಂದ ಬಂದ ಪ್ಯಾಸೆಂಜರ್ ರೈಲಿನಿಂದ ಕಾಲೇಜು ಹುಡುಗರು, ಆಸ್ಪತ್ರೆಗೆ ಬಂದ ಮುದುಕರು, ಸೊಪ್ಪಿನ ಗಂಟು ಹೊತ್ತ ಹೆಂಗಸರು, ಅಂಗಡಿ ಗುಮಾಸ್ತರು ದುಡುದುಡು ಇಳಿಯುತ್ತಾರೆ. ದಾವಣಗೆರೆಯೆಂದರೆ ಕಾಲೇಜು ಮತ್ತು ಆಸ್ಪತ್ರೆ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಮಿಲ್ಲಿನ ಊರು ಮೆಲ್ಲಗೆ ಬಿಳಿ ಕೋಟಿನ ಊರಾಯಿತು. ಇಳಿದವರೆಲ್ಲ ಎಲ್ಲಿಗೆ ಹೋಗುತ್ತಾರೆಂದು ಕೇಳಬೇಕಾಗಿಲ್ಲ, ಅವರ ಕೈಯಲ್ಲಿರುವ ಎಕ್ಸ್‌ರೇ ಲಕೋಟೆ, ಪುಸ್ತಕ, ಬುತ್ತಿಗಳೇ ಹೇಳುತ್ತವೆ.

ನನ್ನ ರೈಲು ಬಂತು. ಕಿಟಕಿಯ ಪಕ್ಕ ಸೀಟೂ ಸಿಕ್ಕಿತು.

ರೈಲು ಹೊರಡುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಹೈದರಾಲಿಯ ಕಾಲದಲ್ಲಿ ದಾವಣಗೆರೆ ಒಂದು ಸಣ್ಣ ಹಳ್ಳಿ. ಒಬ್ಬ ಮರಾಠಾ ಸರದಾರನಿಗೆ ಅದು ಜಹಗೀರಾಗಿ ಸಿಕ್ಕಿತು. ಆತ ವ್ಯಾಪಾರಿಗಳನ್ನು ಕರೆದು ಕೂರಿಸಿದ, ಪೇಟೆ ಬೆಳೆಯಿತು. ಇಲ್ಲಿನ ಕಂಬಳಿಗೆ ದೂರದೂರದವರೆಗೆ ಹೆಸರಿತ್ತು. ಹರಿಹರದ ಕಥೆ ಬೇರೆ, ಅದು ದೇವರಿಂದ ಬೆಳೆದ ಊರು. ಹರಿದ್ರಾ ನದಿ ತುಂಗಭದ್ರೆಯನ್ನು ಸೇರುವ ಸ್ಥಳ. 1224ರ ಸುಮಾರಿಗೆ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದ. ಆದರೆ ಎರಡೂ ಊರುಗಳ ಈಗಿನ ಹಣೆಬರಹವನ್ನು ಬರೆದದ್ದು ಪೇಟೆಯೂ ಅಲ್ಲ, ದೇವರೂ ಅಲ್ಲ, ರಸ್ತೆ ಮತ್ತು ರೈಲು. 1868ರಲ್ಲಿ ಹರಿಹರದ ಬಳಿ ತುಂಗಭದ್ರೆಗೆ ಕಲ್ಲು ಇಟ್ಟಿಗೆಯ ಕಮಾನು ಸೇತುವೆ ಕಟ್ಟಿದರು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಗಾಡಿಗಳು ಮಳೆಗಾಲದಲ್ಲೂ ಹೊಳೆ ದಾಟುವಂತಾಯಿತು.

ರೈಲಿನ ಹಿಂದೆ ಇರುವುದು ಬರ. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಸುಮಾರು ಹತ್ತು ಲಕ್ಷ ಜನ ಅಳಿದುಹೋದರೆಂದು ಲೆಕ್ಕ. ರೈಲಿದ್ದಿದ್ದರೆ ಧಾನ್ಯ ತಲುಪಿಸಬಹುದಿತ್ತು ಎಂಬ ಅರಿವು ಅಧಿಕಾರಿಗಳಿಗೆ ಮೂಡಿದ್ದು ಆ ಸಾವುಗಳ ನಡುವೆ. ಸಂಸ್ಥಾನವೇ ಬೆಂಗಳೂರು–ಮೈಸೂರು ಮಾರ್ಗ ಕಟ್ಟಿತು, ತುಮಕೂರಿನ ಕಡೆಗೂ ಹಳಿ ಹಾಕಿತು, 1884ರ ವೇಳೆಗೆ ಗುಬ್ಬಿ ಮುಟ್ಟಿತು. ಅಷ್ಟರಲ್ಲಿ ಕೈ ಬರಿದಾಗಿತ್ತು. ಬರಗಾಲದ ಸಾಲವೇ ಇನ್ನೂ ತೀರಿರಲಿಲ್ಲ. 1886ರಲ್ಲಿ ಮಾರ್ಗವನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ವಹಿಸಿಕೊಟ್ಟರು. ಕಂಪನಿ ಗುಬ್ಬಿಯಿಂದ ಹರಿಹರದವರೆಗಿನ ಮೀಟರ್ ಗೇಜ್ ಹಳಿಯನ್ನು 1889ರ ಹೊತ್ತಿಗೆ ಮುಗಿಸಿ, ಅತ್ತ ಪುಣೆಯ ದಾರಿಗೆ ಕೂಡಿಸಿತು. ಮುಂದೆ 1938ರಲ್ಲಿ ಬೆಂಗಳೂರು–ಹರಿಹರ ಭಾಗ ಮತ್ತೆ ಸಂಸ್ಥಾನದ ರೈಲ್ವೆಯ ಕೈಗೆ ಬಂತು. ಹರಿಹರದ ಹೊಳೆಯೇ ಆಗ ಗಡಿ. ಈಚೆ ದಂಡೆ ಮೈಸೂರು ಮಹಾರಾಜರದು, ಆಚೆ ದಂಡೆ ಮುಂಬಯಿ ಪ್ರಾಂತ್ಯದ್ದು. ಒಂದೇ ಭಾಷೆಯ ಜನ ಒಂದೇ ಹೊಳೆಯ ನೀರು ಕುಡಿದು ಎರಡು ಸರ್ಕಾರಗಳಿಗೆ ಕಂದಾಯ ಕಟ್ಟುತ್ತಿದ್ದರು. 1956ರ ನವೆಂಬರ್ ಒಂದರಂದು ಆ ಗಡಿ ಹೋಯಿತು. ಜಿಲ್ಲೆಯ ಗಡಿ ಮಾತ್ರ ಇಂದಿಗೂ ಅಲ್ಲೇ ಇದೆ.

ರೈಲು ಬಂದ ಮೇಲೆ ಹತ್ತಿ ಬಂತು, ಹತ್ತಿಯ ಹಿಂದೆ ಜಿನ್ನಿಂಗ್ ಕಾರ್ಖಾನೆ, ಮಿಲ್ಲು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಪಠ್ಯಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಒಂದು ಅಂಕ ಗಳಿಸದ ಕನ್ನಡಿಗ ಅಪರೂಪ. ಆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಸೈರನ್ನಿಗೆ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದ ಊರು ಇದು. ಕೂಲಿಕಾರರ ನಾಯಕ ಪಂಪಾಪತಿಯವರನ್ನು ಕೆಂಬಾವುಟದ ಅಡಿಯಲ್ಲಿ ವಿಧಾನಸಭೆಗೆ ಕಳಿಸಿದ ಊರೂ ಹೌದು. ಈಗ ಊರಿನ ಹೊರಗಿನವರು ಕೇಳುವುದು ಬೆಣ್ಣೆ ದೋಸೆ ಎಲ್ಲಿ ಚೆನ್ನಾಗಿದೆ ಎಂದು.

ರೈಲು ಹೊರಟಿತು. ದಾವಣಗೆರೆಯನ್ನು ಈ ಹಳಿ ಸರಿಯಾಗಿ ಎರಡು ಹೋಳು ಮಾಡಿದೆ. ಒಂದು ಕಡೆ ಹಳೇ ಪೇಟೆ, ಮಂಡಿ, ಮಂಡಕ್ಕಿ ಭಟ್ಟಿಗಳು. ಇನ್ನೊಂದು ಕಡೆ ಕಾಲೇಜುಗಳು, ಅಗಲ ರಸ್ತೆಯ ಬಡಾವಣೆಗಳು. ಎರಡರ ನಡುವಿನ ಅಶೋಕ ಟಾಕೀಸಿನ ರೈಲ್ವೆ ಗೇಟು ದಾವಣಗೆರೆಯವರ ಬಾಯಲ್ಲಿ ಒಂದು ಪುರಾಣ. ಆ ಗೇಟಿನಲ್ಲಿ ನಿಂತು ಮದುವೆ ಮುಹೂರ್ತ ತಪ್ಪಿಸಿಕೊಂಡವರಿದ್ದಾರೆ, ಪರೀಕ್ಷೆಗೆ ತಡವಾದವರಿದ್ದಾರೆ, ಆಂಬುಲೆನ್ಸಿನಲ್ಲಿ ಕುಳಿತು ದೇವರನ್ನು ನೆನೆದವರಿದ್ದಾರೆ. ಮೇಲುಸೇತುವೆಯೋ ಕೆಳಸೇತುವೆಯೋ ಎಂಬ ಚರ್ಚೆಯಲ್ಲೇ ಎಷ್ಟೋ ಚುನಾವಣೆಗಳು ಕಳೆದವು. ಗೇಟಿನಲ್ಲಿ ನಿಂತು ರೈಲಿಗೆ ಶಾಪ ಹಾಕಿದವರಿಗೆ ಲೆಕ್ಕವಿಲ್ಲ. ಹಾದು ಹೋಗುವ ರೈಲಿನಲ್ಲಿ ತಮಗೂ ಒಂದು ಸೀಟಿದೆ ಎಂದು ಅನಿಸಿದ್ದು ಎಷ್ಟು ಮಂದಿಗೋ. ರೈಲು ಊರನ್ನು ಸೀಳುತ್ತದೆ ಎಂಬುದು ಮಾತ್ರ ಕಾಣುತ್ತದೆ. ಸೀಳುವ ಹಳಿಯೇ ಹೊಲಿಗೆಯೂ ಆಗಬಹುದಿತ್ತು.

ಮನೆಗಳ ಹಿತ್ತಿಲು ಮುಗಿದೊಡನೆ ಗದ್ದೆ. ಭದ್ರಾ ನಾಲೆಯ ನೀರು ಕಂಡ ನೆಲ. ನಾಟಿಯ ಕಾಲದಲ್ಲಿ ಬಂದರೆ ಕಿಟಕಿಯ ಆಚೆ ಹಸಿರಲ್ಲದೆ ಬೇರೇನೂ ಕಾಣುವುದಿಲ್ಲ. ಭದ್ರಾ ನೀರು ಕೊನೆಯ ಭಾಗದ ರೈತರಿಗೆ ತಲುಪಲಿಲ್ಲವೆಂಬ ಜಗಳವೂ ಈ ಗದ್ದೆಗಳಷ್ಟೇ ನಿಯಮಿತವಾಗಿ ವರ್ಷ ವರ್ಷ ಚಿಗುರುತ್ತದೆ. ಒಂದು ಕಡೆ ದೊಡ್ಡಬಾತಿಯ ಗುಡ್ಡ. ಅಲ್ಲಲ್ಲಿ ಅಕ್ಕಿ ಗಿರಣಿಯ ಹೊಗೆ. ಎದುರಿನ ಸೀಟಿನಲ್ಲಿದ್ದ ಹುಡುಗ ಪಾಸು ತೋರಿಸಿ, ತಾನು ಹರಿಹರದವನು, ದಾವಣಗೆರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುತ್ತಿದ್ದೇನೆ ಎಂದ. ಈ ರೈಲು ತಪ್ಪಿದರೆ ಮುಂದಿನದಕ್ಕೆ ಕಾಯುವುದಿಲ್ಲವಂತೆ, ಬಸ್ಸೇ ಗತಿ. ‘ಪಾಸಿನ ದುಡ್ಡು ಆವತ್ತು ದಂಡ ನೋಡ್ರಿ’ ಎಂದು ಹೇಳಿ ಕಣ್ಣು ಮುಚ್ಚಿದ.

ಅವನ ಮಾತಿನಲ್ಲಿ ಇಡೀ ಸಮಸ್ಯೆ ಅಡಗಿದೆ. ರೈಲಿನಲ್ಲಿ ಜನ ಓಡಾಡುವುದಿಲ್ಲ, ಆದ್ದರಿಂದ ಹೆಚ್ಚು ರೈಲು ಬೇಡ ಎನ್ನುವುದು ಒಂದು ವಾದ. ರೈಲಿಲ್ಲ, ಆದ್ದರಿಂದ ಜನ ಓಡಾಡುವುದಿಲ್ಲ ಎನ್ನುವುದು ಇನ್ನೊಂದು. ಬಸ್ಸಿಗೆ ಯಾರೂ ವೇಳಾಪಟ್ಟಿ ನೋಡುವುದಿಲ್ಲ, ಅದೇ ಅದರ ಗುಟ್ಟು. ದಿನಕ್ಕೆ ಕೆಲವೇ ಬಾರಿ ಬರುವ ರೈಲಿಗೆ ಬದುಕನ್ನು ಹೊಂದಿಸಿಕೊಳ್ಳಬಲ್ಲವರು ವಿದ್ಯಾರ್ಥಿಗಳು ಮತ್ತು ನಿಗದಿತ ಪಾಳಿಯ ನೌಕರರು ಮಾತ್ರ. ಅವರಿಗೂ 2020ರಲ್ಲಿ ಪೆಟ್ಟು ಬಿತ್ತು. ಕೊರೊನಾ ಕಾಲದಲ್ಲಿ ಪ್ಯಾಸೆಂಜರ್ ರೈಲುಗಳು ನಿಂತವು. ಮತ್ತೆ ಓಡಲು ತೊಡಗಿದಾಗ ಹೆಸರು ‘ವಿಶೇಷ ಎಕ್ಸ್‌ಪ್ರೆಸ್’ ಆಗಿತ್ತು, ಕನಿಷ್ಠ ದರ ಹತ್ತರಿಂದ ಮೂವತ್ತು ರೂಪಾಯಿಗೆ ಏರಿತ್ತು. ಬೋಗಿ ಅದೇ, ವೇಗ ಅದೇ, ನಿಲ್ದಾಣಗಳೂ ಅವೇ. ಹದಿನಾಲ್ಕು ಕಿಲೋಮೀಟರಿಗೆ ಮೂವತ್ತು ರೂಪಾಯಿ ಕೊಟ್ಟು ರೈಲಿಗೆ ಕಾಯುವ ಹುಚ್ಚು ಯಾರಿಗಿರುತ್ತದೆ? 2024ರ ಫೆಬ್ರವರಿಯ ಕೊನೆಗೆ ದರ ಮತ್ತೆ ಹತ್ತಕ್ಕೆ ಇಳಿಯಿತು. ಆದರೆ ನಾಲ್ಕು ವರ್ಷ ಬಸ್ಸಿನ ರೂಢಿ ಮಾಡಿಕೊಂಡವರು ಅಷ್ಟು ಸುಲಭವಾಗಿ ವಾಪಸು ಬರುವುದಿಲ್ಲ. ನಡುವೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟೇ ಇಲ್ಲ. ನಾನು ಕುಳಿತ ಬೋಗಿಯಲ್ಲಿ ಗಂಡಸರೇ ಹೆಚ್ಚಿದ್ದುದು ಯಾಕೆಂದು ಹೊಳೆಯಲು ನನಗೆ ಅಮರಾವತಿಯವರೆಗೆ ಬೇಕಾಯಿತು. ಗಂಡ ರೈಲಿನಲ್ಲಿ, ಹೆಂಡತಿ ಬಸ್ಸಿನಲ್ಲಿ ಸಂತೆಗೆ ಹೋಗುವ ಕಾಲ.

ಅಮರಾವತಿ ಕಾಲೋನಿ ಸಣ್ಣ ಸ್ಟೇಷನ್ನು, ಆದರೆ ಈಗ ಅದು ಜಂಕ್ಷನ್ನು. ಇಲ್ಲಿಂದ ಒಂದು ಹಳಿ ಹರಪನಹಳ್ಳಿಯ ಮೂಲಕ ಕೊಟ್ಟೂರಿಗೆ, ಅಲ್ಲಿಂದ ಹೊಸಪೇಟೆಗೆ ಹೋಗುತ್ತದೆ. ತೊಂಬತ್ತರ ದಶಕದಲ್ಲಿ ಮಂಜೂರಾದ ಈ 65 ಕಿಲೋಮೀಟರು ಮಾರ್ಗ ಮುಗಿಯುವಷ್ಟರಲ್ಲಿ ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಬಂದಾಗಿತ್ತು. ಆಮೇಲೆ 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ನಮ್ಮಲ್ಲಿ ಹಳಿ ಚಲಿಸುವುದಕ್ಕಿಂತ ಜಿಲ್ಲೆಗಳು ಬೇಗ ಚಲಿಸುತ್ತವೆ. ಹಾಗೆ ನೋಡಿದರೆ ದಾವಣಗೆರೆ, ಹರಿಹರಗಳೂ 1997ರ ಆಗಸ್ಟ್ 15ರವರೆಗೆ ಚಿತ್ರದುರ್ಗ ಜಿಲ್ಲೆಯವೇ. ಅದಕ್ಕೂ ಮೊದಲು, ಇದೇ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯವರಾದ ಜಾಫರ್ ಷರೀಫರು ರೈಲ್ವೆ ಮಂತ್ರಿಯಾಗಿದ್ದಾಗ ಯೂನಿಗೇಜ್ ಯೋಜನೆ ಶುರುವಾಗಿ, ಆ ದಶಕದಲ್ಲೇ ಈ ದಾರಿಯ ಮೀಟರ್ ಗೇಜು ಕಿತ್ತು ಬ್ರಾಡ್‌ಗೇಜಾಯಿತು. ಒಂದು ಮೀಟರು ಅಗಲದ ಹಳಿಯ ಜಾಗದಲ್ಲಿ ಒಂದು ಮೀಟರು 67.6 ಸೆಂಟಿಮೀಟರಿನ ಹಳಿ.

ಹಗುರ ರೈಲು, ಲೈಟ್ ರೈಲು ಎಂಬ ಮಾತನ್ನು ಈಚೆಗೆ ಪತ್ರಿಕೆಗಳಲ್ಲಿ ಓದುವವರು ಅದೇನೋ ಪರದೇಶದ ಹೊಸ ಸರಕೆಂದು ತಿಳಿದಾರು. ಮೈಸೂರು ಸಂಸ್ಥಾನದಲ್ಲಿ ಆ ಹೆಸರು ನೂರು ವರ್ಷ ಹಳೆಯದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಸಣ್ಣ ಅಳತೆಯ ಹಳಿಗಳ ಮೇಲೆ ಹಲವು ‘ಲೈಟ್ ರೈಲ್ವೆ’ಗಳು ಹುಟ್ಟಿದವು. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ ಕೋಲಾರಕ್ಕೆ. ಅದರ ಬೆನ್ನಿಗೆ ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ. ಮಲೆನಾಡಿನಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ. ಹೆಚ್ಚು ಖರ್ಚಿಲ್ಲದೆ ತಾಲ್ಲೂಕು ಊರುಗಳನ್ನು ಮುಖ್ಯ ಹಳಿಗೆ ಕಟ್ಟುವುದು ಅದರ ಉದ್ದೇಶ. ಮುಂದೆ ಕೋಲಾರದ ಹಳಿ ಬ್ರಾಡ್‌ಗೇಜಾದಾಗ ಅದರ ಮೇಲೆ ಓಡಿದ್ದು ರೈಲ್‌ಬಸ್ಸು. ಶಿವಮೊಗ್ಗ–ತಾಳಗುಪ್ಪದ ಕಾಡುದಾರಿಯಲ್ಲೂ ಅಂಥದೇ ಒಂದು ಓಡುತ್ತಿತ್ತು. ಬಸ್ಸಿನ ಮೈ, ರೈಲಿನ ಕಾಲು. ನೋಡಿದವರು ನಗುತ್ತಿದ್ದರು. ಆದರೂ ಹತ್ತಿ ಊರು ಸೇರುತ್ತಿದ್ದರು.

ದಾವಣಗೆರೆಗೆ ಹೊಸ ಹಳಿಯೇನೂ ಬೇಕಾಗಿಲ್ಲ. ಮೆಮು ಎಂದು ಕರೆಯುವ ವಿದ್ಯುತ್ ರೈಲುಗಳು ಬೆಂಗಳೂರಿನ ಸುತ್ತ ಓಡುತ್ತಿವೆ. ಇವಕ್ಕೆ ಬೇರೆ ಎಂಜಿನ್ ಇಲ್ಲ, ಮೋಟಾರು ಬೋಗಿಯಲ್ಲೇ ಇರುತ್ತದೆ, ಎರಡೂ ತುದಿಯಲ್ಲಿ ಚಾಲಕನ ಕೊಠಡಿ ಇರುತ್ತದೆ. ಮಾಮೂಲು ರೈಲು ಕೊನೆಯ ನಿಲ್ದಾಣ ಮುಟ್ಟಿದರೆ ಎಂಜಿನ್ ಬಿಚ್ಚಿ, ಪಕ್ಕದ ಹಳಿಯಲ್ಲಿ ಸುತ್ತಿಸಿ, ಇನ್ನೊಂದು ತುದಿಗೆ ಕಟ್ಟಬೇಕು. ಮೆಮುವಿನ ಚಾಲಕ ಎದ್ದು ಇನ್ನೊಂದು ತುದಿಗೆ ನಡೆದು ಹೋದರೆ ಮುಗಿಯಿತು. ನಿಂತು ನಿಂತು ಹೋಗುವ ದಾರಿಯಲ್ಲಿ ಬೇಗ ವೇಗ ಹಿಡಿಯುವುದೂ ಅದರ ಗುಣ. ಅತ್ತ ಮಾಯಕೊಂಡ, ವಿಶ್ವವಿದ್ಯಾಲಯವಿರುವ ತೋಳಹುಣಸೆ, ನಡುವೆ ದಾವಣಗೆರೆ, ಅಮರಾವತಿ, ಹರಿಹರ, ಇತ್ತ ಚಳಗೇರಿ, ರಾಣೆಬೆನ್ನೂರು. ಈ ಸಾಲಿನಲ್ಲಿ ಬೆಳಗ್ಗೆ ಸಂಜೆ ಗಂಟೆಗೊಂದು ಓಡಿದರೆ ಸಾಕು. ಒಂಟಿ ಹಳಿ ಇದ್ದಾಗ ಎದುರು ಗಾಡಿಗೆ ದಾರಿ ಬಿಡುವುದೇ ದೊಡ್ಡ ತಲೆನೋವು ಎನ್ನಬಹುದಿತ್ತು. ಜೋಡಿ ಹಳಿಯ ಕೆಲಸ ನಡೆದು ಆ ನೆಪವೂ ಹೋಗಿದೆ. ದೂರದ ರೈಲು, ಗೂಡ್ಸುಗಳ ನಡುವೆ ಜಾಗ ಹೊಂದಿಸುವುದು ಹುಡುಗಾಟವಲ್ಲ ನಿಜ. ಆದರೆ ಹೊಂದಿಸಬೇಕಾದದ್ದು ವೇಳೆಯನ್ನು, ಭೂಮಿಯನ್ನಲ್ಲ. ಹುಬ್ಬಳ್ಳಿ–ಧಾರವಾಡದಲ್ಲಿ 22 ಕಿಲೋಮೀಟರು ಪ್ರತ್ಯೇಕ ಬಸ್ ದಾರಿ ಮಾಡಲು ಅಂಗಡಿ ಮನೆ ಒಡೆದು, ಮರ ಕಡಿದು, ವರ್ಷಗಟ್ಟಲೆ ಧೂಳು ಕುಡಿದ ಮೇಲೆ 2018ರಲ್ಲಿ ‘ಚಿಗರಿ’ ಬಸ್ಸು ಓಡಿತು. ಅಲ್ಲಿಯೂ ಪಕ್ಕದಲ್ಲೇ ರೈಲು ಹಳಿ ಇತ್ತು.

2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾದಾಗ ದಾವಣಗೆರೆಗೆ ನಿಲುಗಡೆ ಸಿಕ್ಕಿತು, ಹರಿಹರಕ್ಕೆ ಸಿಗಲಿಲ್ಲ. ಹರಿಹರದವರಿಗೆ ಬೇಸರವಾದದ್ದು ಸಹಜ. ಆದರೆ ಹದಿನಾಲ್ಕು ಕಿಲೋಮೀಟರಿಗೊಂದು ಕಡೆ ನಿಲ್ಲಿಸಿದರೆ ಅದು ವೇಗದ ರೈಲಾಗುವುದು ಹೇಗೆ? ಹರಿಹರದಿಂದ ಅದಕ್ಕೆ ಹೊಂದಿಕೊಳ್ಳುವ ಒಂದು ಸಣ್ಣ ರೈಲು ಇದ್ದರೆ ಜಗಳವೇ ಇರುವುದಿಲ್ಲ.

ಹೊಸ ಹಳಿಯ ಕಥೆಯೂ ಒಂದಿದೆ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗ, ಭರಮಸಾಗರದ ಮೇಲೆ ದಾವಣಗೆರೆಗೆ 191 ಕಿಲೋಮೀಟರು. ಬೆಂಗಳೂರಿಗೆ ಈಗ ಅರಸೀಕೆರೆ, ಬೀರೂರು ಸುತ್ತಿಕೊಂಡು ರೈಲಿನಲ್ಲಿ ಸುಮಾರು 325 ಕಿಲೋಮೀಟರು. ಹೊಸ ದಾರಿಯಲ್ಲಿ ಅರವತ್ತು ಚಿಲ್ಲರೆ ಕಿಲೋಮೀಟರು ಉಳಿಯುತ್ತದೆ. 2011–12ರ ಬಜೆಟ್ಟಿನಲ್ಲಿ ಮಂಜೂರಾಗಿ, ಖರ್ಚಿನಲ್ಲಿ ಅರ್ಧ ರಾಜ್ಯದ್ದು, ಭೂಮಿಯೂ ರಾಜ್ಯದ್ದೇ ಎಂದು ತೀರ್ಮಾನವಾಯಿತು. ಭೂಸ್ವಾಧೀನದಲ್ಲೇ ಹತ್ತು ವರ್ಷ ಸವೆಯಿತು. ತುಮಕೂರಿನ ಸಂಸದ ವಿ. ಸೋಮಣ್ಣನವರು 2024ರ ಜೂನ್‌ನಲ್ಲಿ ರೈಲ್ವೆ ರಾಜ್ಯ ಸಚಿವರಾದ ಮೇಲೆ ಸಭೆಗಳು ಬಿರುಸಾಗಿವೆ, ಗಡುವುಗಳು ಹೊಸದಾಗಿ ಕೇಳಿಬರುತ್ತಿವೆ. ಬರಲಿ. ಬೆಂಗಳೂರು ಒಂದು ಗಂಟೆ ಹತ್ತಿರವಾಗುವುದು ಒಳ್ಳೆಯದೇ. ನನ್ನ ಎದುರು ನಿದ್ದೆ ಹೋಗಿದ್ದ ಹುಡುಗನಿಗೆ ಮಾತ್ರ ಬೆಂಗಳೂರು ಬೇಡ, ಬೇಕಾಗಿರುವುದು ಹರಿಹರ.

ಹರಿಹರ ಬಂತು. ಹುಡುಗನನ್ನು ಯಾರೂ ಎಬ್ಬಿಸಬೇಕಾಗಲಿಲ್ಲ, ಬ್ರೇಕಿನ ಸದ್ದಿಗೆ ಎದ್ದು ನಡೆದ. ನಮ್ಮ ಬೋಗಿಯಿಂದ ಒಂದು ಸಿಟಿ ಬಸ್ಸು ತುಂಬುವಷ್ಟು ಮಂದಿ ಇಳಿದರು. ಇಲ್ಲಿಳಿದವರಿಗೆ ಹೊಳೆ ಕಾಣುವುದಿಲ್ಲ. ರೈಲು ಸ್ಟೇಷನ್ನು ಬಿಟ್ಟ ಮೇಲೆಯೇ ಸೇತುವೆ. ತುಂಗಭದ್ರೆಯನ್ನು ನೋಡುವ ಭಾಗ್ಯ ರಾಣೆಬೆನ್ನೂರಿಗೆ ಟಿಕೆಟ್ ತೆಗೆದುಕೊಂಡವರಿಗೆ. ಹೊಳೆಯಾಚೆ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ. ಹೆಸರು ಹರಿಹರದ್ದು, ಊರು ಹಾವೇರಿ ಜಿಲ್ಲೆಯದು. ಎಪ್ಪತ್ತರ ದಶಕದಲ್ಲಿ ಬಂದ ಅದು ಕೆಲಸವನ್ನೂ ಕೊಟ್ಟಿತು, ಹೊಳೆಯ ನೀರಿನ ಬಗ್ಗೆ ದೊಡ್ಡ ಚಳವಳಿಯನ್ನೂ ಕಂಡಿತು. ಈಚೆ ದಂಡೆಯಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ದೇಶವಿಡೀ ಹೆಸರು ಮಾಡಿ, ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಆ ಮೇಲೆ ಹರಿಹರದ ಮಂದಿ ಕೆಲಸಕ್ಕೆಂದು ದಾವಣಗೆರೆಯ ಕಡೆ ಮುಖ ಮಾಡಿದರು. ಈಗಿನ ಬೆಳಗಿನ ರೈಲಿನ ಗದ್ದಲಕ್ಕೆ ಮುಚ್ಚಿದ ಆ ಗೇಟೂ ಒಂದು ಕಾರಣ.

ದೇವಸ್ಥಾನಕ್ಕೆ ನಡೆದೇ ಹೋದೆ. ಒಂದೇ ಕಲ್ಲಿನಲ್ಲಿ ಅರ್ಧ ಹರಿ, ಅರ್ಧ ಹರ. ಒಳಗೆ ತಂಪು, ತಿರುಗಣೆಯ ಕಂಬಗಳ ಹೊಳಪು. ಅಲ್ಲಿಂದ ಹೊಳೆದಂಡೆ, ಅಲ್ಲಿಂದ ಹಳೇ ಸೇತುವೆಯ ಕಮಾನುಗಳು. ಅಷ್ಟರಲ್ಲಿ ಒಂದು ರೈಲು ದೂರದ ಸೇತುವೆಯ ಮೇಲೆ ದಡಬಡ ಸದ್ದು ಮಾಡುತ್ತ ದಾವಣಗೆರೆಯ ಕಡೆ ಹೋಯಿತು. ಗಡಿಯಾರ ನೋಡಿಕೊಂಡೆ. ನಾನು ಹಿಡಿಯಬೇಕೆಂದಿದ್ದ ರೈಲೇ ಅದು. ದೇವಸ್ಥಾನದ ಮುಂದೆ ಮಂಡಕ್ಕಿ ಮಿರ್ಚಿಗೆ ಕೂರದಿದ್ದರೆ ಸಿಗುತ್ತಿತ್ತು.

ಮುಂದಿನದು ಯಾವಾಗ ಎಂದು ಸ್ಟೇಷನ್ನಿನಲ್ಲಿ ವಿಚಾರಿಸಿದೆ. ಉತ್ತರ ಕೇಳಿ ಹೊರಗೆ ಬಂದು ಪಿ.ಬಿ. ರಸ್ತೆಯಲ್ಲಿ ನಿಂತೆ. ಕೈ ಎತ್ತುವ ಮೊದಲೇ ಬಸ್ಸು ಬಂದು ನಿಂತಿತು. ಒಳಗೆ ಕೂರಲು ಜಾಗವಿರಲಿಲ್ಲ.